ತಿಂಗಳು ತುಂಬದ ಕೂಸಿಗೆ ಮೊದಲ ದಿನದ ಅನ್ನ

ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುವಿಗೆ ಕಾವು ಬೇಕು, ಉಸಿರಾಟಕ್ಕೆ ನೆರವು ಬೇಕು ಎಂಬುದು ಈಗ ಬಹುಮಟ್ಟಿಗೆ ಎಲ್ಲರಿಗೂ ತಿಳಿದ ಮಾತು. ಅದಕ್ಕೆ ಅನ್ನವೂ ಬೇಕು, ಅದೂ ಹುಟ್ಟಿದ ದಿನವೇ ಬೇಕು ಎಂಬ ಮಾತು ಅಷ್ಟಾಗಿ ಪ್ರಚಾರದಲ್ಲಿಲ್ಲ. ‘ಅಂಗೈಯಗಲದ ಕೂಸು, ಮೊದಲು ಜೀವ ಉಳಿಯಲಿ, ಆಮೇಲೆ ಹೊಟ್ಟೆಯ ಮಾತು’ ಎಂದು ಹಿರಿಯರು ಹೇಳುವುದುಂಟು. ಬಹುಕಾಲ ವೈದ್ಯರೂ ಹೆಚ್ಚು ಕಡಿಮೆ ಹಾಗೆಯೇ ನಡೆದುಕೊಂಡರು. ಜೀವ ಉಳಿಯುವುದಕ್ಕೂ ಹೊಟ್ಟೆ ತುಂಬುವುದಕ್ಕೂ ಇರುವ ನಂಟು ಇಂಥ ಶಿಶುವಿನಲ್ಲಿ ಎಷ್ಟು ಹತ್ತಿರದ್ದೆಂಬುದನ್ನು ವಿಜ್ಞಾನ ಈಗ ತೋರಿಸಿಕೊಟ್ಟಿದೆ. ಆ ತಿಳಿವಳಿಕೆ ನಮ್ಮ ಬಯಲುಸೀಮೆಯ ತಾಲ್ಲೂಕುಗಳಿಗೆ ಯಾವ ರೂಪದಲ್ಲಿ ಬರಬೇಕೆಂಬುದನ್ನು ಇಲ್ಲಿ ವಿಚಾರ ಮಾಡಬೇಕೆಂದಿದ್ದೇವೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಇಂದು ವಿಜಯನಗರ ಜಿಲ್ಲೆಗೆ ಸೇರಿದ ತಾಲ್ಲೂಕುಗಳು. ಜೋಳ, ಮೆಕ್ಕೆಜೋಳ, ಶೇಂಗಾ ಬೆಳೆಯುವ ನಾಡು. ಮಳೆ ಕೈಕೊಟ್ಟ ವರ್ಷ ದುಡಿಮೆಗಾಗಿ ಸಂಸಾರ ಸಮೇತ ಗುಳೆ ಹೋಗುವ ಜನ. ಇಂಥ ಒಂದು ಹಳ್ಳಿಯಲ್ಲಿ ಏಳನೆಯ ತಿಂಗಳಿಗೆ, ಅಂದರೆ ೨೮ನೆಯ ವಾರದ ಸುಮಾರಿಗೆ, ಗರ್ಭಿಣಿಯೊಬ್ಬಳಿಗೆ ನೋವು ಕಾಣಿಸಿಕೊಂಡಿತೆಂದು ಭಾವಿಸೋಣ. ಹುಟ್ಟುವ ಕೂಸು ಒಂದು ಕಿಲೋಗ್ರಾಂ ತೂಗೀತು. ಇದೇನೂ ಅಪರೂಪದ ಸಂಗತಿಯಲ್ಲ. ೩೭ ವಾರ ತುಂಬುವ ಮೊದಲೇ ಹುಟ್ಟಿದ ಶಿಶುಗಳ ಸಂಖ್ಯೆ ೨೦೨೦ರಲ್ಲಿ ಲೋಕದಲ್ಲೆಲ್ಲ ೧ ಕೋಟಿ ೩೪ ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವುಗಳಲ್ಲಿ ಸುಮಾರು ೩೦ ಲಕ್ಷ ನಮ್ಮ ದೇಶದವು. ಬೇರೆ ಯಾವ ದೇಶದಲ್ಲಿಯೂ ಇಷ್ಟಿಲ್ಲ. ಎಲ್ಲವೂ ಒಂದು ಕಿಲೋಗ್ರಾಮಿನ ಕೂಸುಗಳಲ್ಲ; ಹೆಚ್ಚಿನವು ತಿಂಗಳು ತುಂಬುವುದಕ್ಕೆ ಕೆಲವೇ ವಾರ ಮೊದಲು ಹುಟ್ಟಿದವು. ನಮ್ಮ ಮಾತು ಅತಿ ಚಿಕ್ಕ ಶಿಶುಗಳನ್ನು ಕುರಿತದ್ದು.

ಗರ್ಭದಲ್ಲಿದ್ದಾಗ ಈ ಕೂಸಿನ ಊಟದ ವ್ಯವಸ್ಥೆ ಹೇಗಿತ್ತು? ಮಾಸು ತಾಯಿಯ ರಕ್ತದಿಂದ ಸಕ್ಕರೆಯನ್ನೂ ಅಮೈನೋ ಆಮ್ಲಗಳನ್ನೂ ಹೀರಿ ಹೊಕ್ಕುಳಬಳ್ಳಿಯ ಮೂಲಕ ಹಗಲಿರುಳೂ ಕಳಿಸುತ್ತಿತ್ತು. ಅಮೈನೋ ಆಮ್ಲಗಳು ತಾಯಿಯ ರಕ್ತದಲ್ಲಿ ಇರುವುದಕ್ಕಿಂತ ಭ್ರೂಣದ ರಕ್ತದಲ್ಲಿಯೇ ಹೆಚ್ಚಾಗಿರುತ್ತವೆ. ತಗ್ಗಿನಿಂದ ದಿಬ್ಬಕ್ಕೆ ನೀರೆತ್ತುವಂತೆ ಮಾಸು ತನ್ನ ಶಕ್ತಿಯನ್ನು ವೆಚ್ಚ ಮಾಡಿ ಅವುಗಳನ್ನು ಮಗುವಿನ ಕಡೆಗೆ ಸಾಗಿಸುತ್ತದೆ. ಈ ಆಮ್ಲಗಳೇ ಸಸಾರಜನಕದ, ಅಂದರೆ ಪ್ರೋಟೀನಿನ ಇಟ್ಟಿಗೆಗಳು. ಇವುಗಳಿಂದಲೇ ಸ್ನಾಯು, ಹೃದಯ, ಶ್ವಾಸಕೋಶ, ಮೆದುಳು ಕಟ್ಟಲ್ಪಡುತ್ತವೆ. ಏಳನೆಯ ತಿಂಗಳಿನ ಭ್ರೂಣ ತನ್ನ ಮೈಯ ಪ್ರತಿಯೊಂದು ಕಿಲೋಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು ೨ ಗ್ರಾಂ ಸಸಾರಜನಕವನ್ನು ಹೊಸದಾಗಿ ಕೂಡಿಸಿಕೊಳ್ಳುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣದಲ್ಲಿ ಈ ಸರಬರಾಜು ನಿಂತುಹೋಗುತ್ತದೆ. ಬೆಳೆಯುವ ಅಗತ್ಯ ಮಾತ್ರ ನಿಲ್ಲುವುದಿಲ್ಲ.

ತಿಂಗಳು ತುಂಬಿ ಹುಟ್ಟಿದ ಮಗು ಬುತ್ತಿ ಕಟ್ಟಿಕೊಂಡು ಬರುತ್ತದೆ. ಅದರ ಮೈಯಲ್ಲಿ ಕೊಬ್ಬಿದೆ, ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನಿದೆ. ಮೊಲೆಹಾಲು ಇಳಿಯಲು ಎರಡು ದಿನ ತಡವಾದರೂ ಅದು ತಾಳಿಕೊಂಡೀತು. ಈ ಬುತ್ತಿಯನ್ನು ತಾಯಿಯ ಗರ್ಭ ಕಟ್ಟಿಕೊಡುವುದು ಕಡೆಯ ಎರಡು ಮೂರು ತಿಂಗಳುಗಳಲ್ಲಿ. ೨೮ ವಾರಕ್ಕೆ ಹೊರಬಂದ ಶಿಶುವಿನ ಮೈಯಲ್ಲಿ ಕೊಬ್ಬು ನೂರಕ್ಕೆ ಎರಡು ಮೂರು ಪಾಲು ಮಾತ್ರ. ಬರಿಯ ನೀರಿನ ಮೇಲಿಟ್ಟರೆ ತಿಂಗಳು ತುಂಬಿದ ಶಿಶು ಸುಮಾರು ಒಂದು ತಿಂಗಳು ಬದುಕೀತು, ಒಂದು ಕಿಲೋಗ್ರಾಮಿನ ಶಿಶು ನಾಲ್ಕೈದು ದಿನ ಮಾತ್ರ ಬದುಕೀತು ಎಂದು ೧೯೭೦ರ ದಶಕದಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದರು.

ಇಂಥ ಶಿಶುವಿಗೆ ಸಾಮಾನ್ಯವಾಗಿ ಮೊದಲು ಸಿಗುವುದು ಗ್ಲೂಕೋಸಿನ ದ್ರಾವಣ. ನೂರಕ್ಕೆ ಹತ್ತರಷ್ಟು ಗ್ಲೂಕೋಸ್ ಇರುವ ದ್ರಾವಣವನ್ನು ದಿನಕ್ಕೆ ೮೦ ಮಿಲಿಲೀಟರ್ ಕೊಟ್ಟರೆ ೮ ಗ್ರಾಂ ಸಕ್ಕರೆ ಸಿಕ್ಕಿತು. ಅದರಿಂದ ಬರುವ ಶಕ್ತಿ ಸುಮಾರು ೨೭ ಕಿಲೋಕ್ಯಾಲರಿ. ಮೊದಲ ದಿನ ಕನಿಷ್ಠಪಕ್ಷ ೪೫ ಬೇಕು. ಸಕ್ಕರೆ ಕುಸಿಯದಂತೆ ಮೆದುಳನ್ನು ಕಾಯುವ ಮಟ್ಟಿಗೆ ಗ್ಲೂಕೋಸ್ ಅತ್ಯಾವಶ್ಯಕವೇ ಸರಿ. ಆದರೆ ಅದರಲ್ಲಿ ಸಾರಜನಕದ ಒಂದು ಪರಮಾಣುವೂ ಇಲ್ಲ. ಗ್ಲೂಕೋಸೊಂದನ್ನೇ ಪಡೆದ ಚಿಕ್ಕ ಶಿಶು ದಿನಕ್ಕೆ ಕಿಲೋಗ್ರಾಮಿಗೆ ಒಂದು ಗ್ರಾಮಿಗೂ ಮಿಕ್ಕಿ ತನ್ನ ಮೈಯ ಸಸಾರಜನಕವನ್ನೇ ಕಳೆದುಕೊಳ್ಳುತ್ತದೆಂದು ಅಳೆದು ತಿಳಿಯಲಾಗಿದೆ. ಗರ್ಭದಲ್ಲಿದ್ದರೆ ಎರಡು ಗ್ರಾಂ ಗಳಿಸಬೇಕಾಗಿದ್ದ ಜೀವ ಒಂದು ಗ್ರಾಂ ಕಳೆದುಕೊಂಡಿತೆಂದರೆ ದಿನಕ್ಕೆ ಮೂರು ಗ್ರಾಮಿನ ಹಿನ್ನಡೆಯಾಯಿತು. ಮನೆ ಕಟ್ಟುವವನು ಒಲೆಗೆ ಸೌದೆಯಿಲ್ಲವೆಂದು ಬಾಗಿಲು ತೊಲೆಗಳನ್ನು ಸೀಳಿ ಉರಿಸಿದಂತೆ ಇದು. ಮೆದುಳು ಅತಿ ವೇಗವಾಗಿ ಬೆಳೆದು ತನ್ನ ಮಡಿಕೆಗಳನ್ನು ಪಡೆಯುವುದೂ ಇದೇ ವಾರಗಳಲ್ಲಿ ಎಂಬುದನ್ನು ನೆನೆದರೆ ಈ ಸಾಲದ ಭಾರ ಅರಿವಾಗುತ್ತದೆ.

ತಾಯಿಯ ಹಾಲನ್ನೇ ಕುಡಿಸಬಾರದೇಕೆ ಎಂದು ವಾಚಕರು ಕೇಳಬಹುದು. ಕುಡಿಸಲೇಬೇಕು. ಗಿಣ್ಣುಹಾಲಿನ ಹನಿಗಳು ಈ ಶಿಶುವಿಗೆ ಔಷಧಕ್ಕಿಂತ ಮೇಲು. ಕರುಳನ್ನು ಎಚ್ಚರಿಸುವುದು, ಸೋಂಕನ್ನು ತಡೆಯುವುದು ಅವುಗಳ ಗುಣ. ಆದರೆ ೨೮ ವಾರದ ಕೂಸಿಗೆ ಚೀಪಿ ನುಂಗುವ ಕ್ರಮ ಇನ್ನೂ ಕೂಡಿ ಬಂದಿರುವುದಿಲ್ಲ. ಕರುಳಿನ ಚಲನೆ ಮಂದ. ತೆಳುವಾದ ನಳಿಕೆಯ ಮೂಲಕ ಮೊದಲ ದಿನ ೧೦ರಿಂದ ೨೦ ಮಿಲಿಲೀಟರ್ ಹಾಲನ್ನು ಅದು ತಾಳಿಕೊಂಡರೆ ಹೆಚ್ಚು. ನೂರು ಮಿಲಿಲೀಟರ್ ತಾಯಿಹಾಲಿನಲ್ಲಿರುವ ಸಸಾರಜನಕ ಒಂದೆರಡು ಗ್ರಾಂ. ಆದುದರಿಂದ ಮೊದಲ ದಿನ ಹಾಲಿನಿಂದ ಸಿಕ್ಕುವುದು ಅರ್ಧ ಗ್ರಾಮಿಗೂ ಕಡಿಮೆ. ಹಾಲಿನ ಪ್ರಮಾಣವನ್ನು ದಿನದಿನಕ್ಕೆ ಏರಿಸುತ್ತ ಹೋಗಿ ಪೂರ್ಣ ಆಹಾರದ ಮಟ್ಟ ಮುಟ್ಟಲು ಒಂದೆರಡು ವಾರ ಹಿಡಿಯುತ್ತದೆ. ಈ ಅಂತರವನ್ನು ದಾಟಲು ಒಂದು ಸೇತುವೆ ಬೇಕು. ಸಿರೆಯ ಮೂಲಕ ಕೊಡುವ ಅಮೈನೋ ಆಮ್ಲಗಳ ದ್ರಾವಣವೇ ಆ ಸೇತುವೆ.

ಈ ಸೇತುವೆಯನ್ನು ಕಟ್ಟಿದ ಕಥೆ ಒಂದು ತಲೆಮಾರಿನದಲ್ಲ. ಅಮೆರಿಕದ ವಿಲಿಯಂ ರೋಸ್ ೧೯೩೫ರಲ್ಲಿ ಥ್ರಿಯೋನಿನ್ ಎಂಬ ಅಮೈನೋ ಆಮ್ಲವನ್ನು ಕಂಡುಹಿಡಿದ ಮೇಲೆ, ದೇಹ ತಾನಾಗಿ ತಯಾರಿಸಲಾರದ, ಆಹಾರದಿಂದಲೇ ಪಡೆಯಬೇಕಾದ ಆಮ್ಲಗಳ ಪಟ್ಟಿ ಪೂರ್ಣವಾಗುತ್ತ ಬಂದಿತು. ೧೯೩೭ರಲ್ಲಿ ಸೇಂಟ್ ಲೂಯಿಯ ಶಸ್ತ್ರವೈದ್ಯ ರಾಬರ್ಟ್ ಎಲ್ಮನ್ ಸಸಾರಜನಕವನ್ನು ಒಡೆದು ಪಡೆದ ಅಮೈನೋ ಆಮ್ಲಗಳನ್ನು ರೋಗಿಗಳ ಸಿರೆಗೆ ಕೊಟ್ಟರು. ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡ್ ೧೯೪೦ರ ದಶಕದಲ್ಲಿ ಹಾಲಿನ ಕೇಸೀನಿನಿಂದ ಇಂಥ ದ್ರಾವಣವನ್ನೂ, ೧೯೬೦ರ ದಶಕದ ಆರಂಭದಲ್ಲಿ ಸೋಯಾ ಎಣ್ಣೆಯಿಂದ ಸಿರೆಗೆ ಕೊಡಬಹುದಾದ ಕೊಬ್ಬಿನ ದ್ರವವನ್ನೂ ಸಿದ್ಧಪಡಿಸಿದರು. ಫಿಲಡೆಲ್ಫಿಯದ ಸ್ಟಾನ್ಲಿ ಡಡ್ರಿಕ್ ಮತ್ತು ಅವರ ಸಂಗಡಿಗರು ನಾಯಿಮರಿಗಳಿಗೆ ಬಾಯಿಂದ ಏನನ್ನೂ ಕೊಡದೆ ಸಿರೆಯಿಂದಲೇ ಆಹಾರವಿತ್ತು ಬೆಳೆಸಿದರು. ಅನಂತರ ಕರುಳು ಸರಿಯಾಗಿ ರೂಪುಗೊಳ್ಳದೆ ಹುಟ್ಟಿದ ಹೆಣ್ಣು ಶಿಶುವೊಂದಕ್ಕೆ ಅದೇ ಕ್ರಮದಲ್ಲಿ ಆಹಾರ ಕೊಟ್ಟರು. ಶಿಶು ತೂಕದಲ್ಲಿಯೂ ಉದ್ದದಲ್ಲಿಯೂ ಬೆಳೆಯಿತು. ೧೯೬೮ರಲ್ಲಿ ಈ ವರದಿ ಪ್ರಕಟವಾದಾಗ, ಕರುಳಿನ ಹಂಗಿಲ್ಲದೆ ಮನುಷ್ಯಶಿಶು ಬೆಳೆಯಬಲ್ಲದೆಂಬುದು ಸಿದ್ಧವಾಯಿತು.

ಆದರೂ ತಿಂಗಳು ತುಂಬದ ಶಿಶುಗಳಿಗೆ ಮೊದಲ ದಿನವೇ ಇದನ್ನು ಕೊಡಲು ವೈದ್ಯರು ಬಹುಕಾಲ ಹಿಂಜರಿದರು. ಅವರ ಅಳುಕಿಗೆ ಕಾರಣವೂ ಇತ್ತು. ಹಿಂದಿನ ದ್ರಾವಣಗಳನ್ನು ಪಡೆದ ಶಿಶುಗಳಲ್ಲಿ ರಕ್ತದ ಅಮೋನಿಯ ಏರಿದ್ದೂ, ರಕ್ತ ಆಮ್ಲೀಯವಾದದ್ದೂ ೧೯೭೦ರ ದಶಕದಲ್ಲಿ ಕಂಡುಬಂದಿತ್ತು. ವಯಸ್ಕರಿಗೆ ಹೊಂದುವ ಮಿಶ್ರಣ ಎಳೆಯ ಯಕೃತ್ತಿಗೆ ಹೊಂದದು. ವಯಸ್ಕರ ದೇಹ ತಾನೇ ಮಾಡಿಕೊಳ್ಳಬಲ್ಲ ಸಿಸ್ಟೀನ್, ಟೈರೋಸಿನ್ ಮೊದಲಾದವನ್ನು ಅಕಾಲ ಶಿಶುವಿನ ದೇಹ ಸಾಕಷ್ಟು ಮಾಡಿಕೊಳ್ಳಲಾರದು. ಆಮೇಲೆ ಶುದ್ಧ ಹರಳುಗಳಿಂದ, ಶಿಶುಗಳಿಗೆಂದೇ ಅಳೆದು ಕೂಡಿಸಿದ ಮಿಶ್ರಣಗಳು ಬಂದುವು. ಹಳೆಯ ಭಯ ಕ್ರಮೇಣ ಕಡಿಮೆಯಾಯಿತು. ಯೂರೋಪಿನ ಶಿಶುಪೋಷಣ ತಜ್ಞರು ೨೦೧೮ರಲ್ಲಿ ಕೊಟ್ಟ ಮಾರ್ಗದರ್ಶನದಂತೆ ಮೊದಲ ದಿನವೇ ಕಿಲೋಗ್ರಾಮಿಗೆ ೧.೫ ಗ್ರಾಮಿಗೆ ಕಡಿಮೆಯಿಲ್ಲದಂತೆ ಆರಂಭಿಸಿ, ಎರಡನೆಯ ದಿನದಿಂದ ೨.೫ರಿಂದ ೩.೫ ಗ್ರಾಮಿನವರೆಗೆ ಕೊಡಬೇಕು. ನೂರಕ್ಕೆ ಹತ್ತರಷ್ಟು ಸಾಂದ್ರತೆಯ ದ್ರಾವಣದಲ್ಲಿ ಒಂದೂವರೆ ಗ್ರಾಂ ಎಂದರೆ ೧೫ ಮಿಲಿಲೀಟರ್, ಮೂರು ಚಹದ ಚಮಚದಷ್ಟು. ಈ ಮೂರು ಚಮಚ ಆ ಶಿಶುವಿನ ದೇಹ ಕರಗುವುದನ್ನು ಬಹುಮಟ್ಟಿಗೆ ತಡೆಯಬಲ್ಲದು.

ಸ್ವಲ್ಪ ಒಳ್ಳೆಯದಾದರೆ ಬಹಳ ಇನ್ನೂ ಒಳ್ಳೆಯದೆಂಬ ತರ್ಕ ಇಲ್ಲಿ ಸಲ್ಲದು. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯದ ಎಂಟು ಆಸ್ಪತ್ರೆಗಳಲ್ಲಿ ಒಂದು ಕಿಲೋಗ್ರಾಮಿಗಿಂತ ಕಡಿಮೆ ತೂಕದ ೪೩೪ ಶಿಶುಗಳ ಮೇಲೆ ಪರೀಕ್ಷೆಯೊಂದು ನಡೆಯಿತು. ಅದರ ಫಲ ೨೦೨೨ರಲ್ಲಿ ಪ್ರಕಟವಾಯಿತು. ವಾಡಿಕೆಯ ಪೋಷಣೆಯ ಜೊತೆಗೆ ಮೊದಲ ಐದು ದಿನ ದಿನಕ್ಕೆ ಒಂದು ಗ್ರಾಂ ಅಮೈನೋ ಆಮ್ಲವನ್ನು ಹೆಚ್ಚಾಗಿ ಪಡೆದ ಶಿಶುಗಳು ಎರಡು ವರ್ಷದ ವಯಸ್ಸಿನಲ್ಲಿ ಉಳಿದವಕ್ಕಿಂತ ಮೇಲಾಗಿರಲಿಲ್ಲ. ರಕ್ತದಲ್ಲಿ ರಂಜಕ ಮೊದಲಾದ ಲವಣಗಳು ಕುಸಿಯುವ ತೊಂದರೆ ಅವುಗಳಲ್ಲಿಯೇ ಹೆಚ್ಚಾಗಿತ್ತು. ಜೀವಕೋಶಗಳು ಒಮ್ಮೆಗೇ ಕಟ್ಟಡಕ್ಕೆ ತೊಡಗಿದಾಗ ರಕ್ತದ ರಂಜಕವನ್ನೆಲ್ಲ ಎಳೆದುಕೊಳ್ಳುತ್ತವೆ. ಇಟ್ಟಿಗೆಯ ಜೊತೆಗೆ ಗಾರೆಯನ್ನೂ ಅಳೆದು ಕೊಡದಿದ್ದರೆ ಅನರ್ಥವಾಗುತ್ತದೆ. ಆದ್ದರಿಂದ ಬೇಗ ಆರಂಭಿಸುವುದು ಒಳ್ಳೆಯದು, ಮಿತಿ ಮೀರುವುದು ಒಳ್ಳೆಯದಲ್ಲ ಎಂಬುದೇ ಇಂದಿನ ತೀರ್ಮಾನ.

ಅಪಾಯಗಳು ಇಷ್ಟಕ್ಕೆ ಮುಗಿಯಲಿಲ್ಲ. ಅಮೈನೋ ಆಮ್ಲ ಮತ್ತು ಸಕ್ಕರೆಯಿಂದ ತುಂಬಿದ ದ್ರಾವಣ ಸೂಕ್ಷ್ಮಜೀವಿಗಳಿಗೂ ಮೃಷ್ಟಾನ್ನ. ದ್ರಾವಣವನ್ನು ಕೂಡಿಸುವಾಗ ಇಲ್ಲವೆ ನಳಿಕೆಯನ್ನು ಮುಟ್ಟುವಾಗ ಶುಚಿತ್ವ ತಪ್ಪಿದರೆ ಸೋಂಕು ನೇರವಾಗಿ ರಕ್ತಕ್ಕೆ ಇಳಿಯುತ್ತದೆ. ಸುಣ್ಣದ ಲವಣ, ರಂಜಕದ ಲವಣಗಳನ್ನು ಹದ ತಪ್ಪಿ ಬೆರಸಿದರೆ ಹರಳು ಕಟ್ಟುತ್ತವೆ. ಗಾಢವಾದ ದ್ರಾವಣ ಕೈಯ ಸಣ್ಣ ಸಿರೆಗಳನ್ನು ಸುಡುತ್ತದೆ. ಅದಕ್ಕೆ ಹೊಕ್ಕುಳಿನ ಇಲ್ಲವೆ ದೊಡ್ಡ ಸಿರೆಯ ನಳಿಕೆ ಬೇಕು. ವಾರಗಟ್ಟಲೆ ಮುಂದುವರಿಸಿದರೆ ಯಕೃತ್ತಿನಲ್ಲಿ ಪಿತ್ತ ಕಟ್ಟಬಹುದು. ಸಿರೆಗೆ ಹೋಗುವ ದ್ರಾವಣದ ವಿಷಯದಲ್ಲಿ ನಮ್ಮ ಸೀಮೆಗೆ ಯಾರೂ ಪಾಠ ಹೇಳಬೇಕಾಗಿಲ್ಲ. ೨೦೨೪ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಸಿರೆಗೆ ಕೊಟ್ಟ ಲವಣದ್ರಾವಣದ ಗುಣದ ಮೇಲೆ ಸಂಶಯ ಬಿದ್ದು ರಾಜ್ಯ ಸರಕಾರ ಅದರ ಬಳಕೆಯನ್ನೇ ತಡೆಹಿಡಿಯಬೇಕಾಯಿತು. ಅದು ಸಾಮಾನ್ಯವಾದ ದ್ರಾವಣ. ಅಮೈನೋ ಆಮ್ಲಗಳ ಮಿಶ್ರಣ ಅದಕ್ಕಿಂತ ಎಷ್ಟೋ ಪಾಲು ನಾಜೂಕಾದದ್ದು.

ಈ ಹಿನ್ನೆಲೆಯಲ್ಲಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಮೂರು ಚಮಚದ ಮಾತಾದರೆ ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಅದನ್ನು ಏಕೆ ಇಡಬಾರದು ಎಂಬುದು ಒಂದು. ಇದೆಲ್ಲ ಸಿರಿವಂತ ದೇಶಗಳ ಸೊಗಸು, ರಕ್ತಹೀನತೆಯಿಂದ ಬಳಲುವ ತಾಯಂದಿರಿರುವ ಸೀಮೆಯಲ್ಲಿ ಇದರ ಮಾತೇಕೆ ಎಂಬುದು ಇನ್ನೊಂದು. ಎರಡನ್ನೂ ನಾವು ಒಪ್ಪಲಾರೆವು.

ಮೊದಲನೆಯದನ್ನು ನೋಡೋಣ. ನಮ್ಮ ದೇಶದ ನವಜಾತ ಶಿಶುಗಳ ಆರೈಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಯೋಜಿಸಲಾಗಿದೆ. ಹೆರಿಗೆಯಾಗುವ ಕಡೆಗಳಲ್ಲೆಲ್ಲ ಶಿಶುವಿಗೊಂದು ಮೂಲೆ, ತಾಲ್ಲೂಕು ಮಟ್ಟದಲ್ಲಿ ಸ್ಥಿರಗೊಳಿಸುವ ಘಟಕ, ಜಿಲ್ಲಾ ಆಸ್ಪತ್ರೆಯಲ್ಲಿ ವಿಶೇಷ ಆರೈಕೆಯ ಘಟಕ, ಅದರ ಮೇಲೆ ವೈದ್ಯಕೀಯ ಮಹಾವಿದ್ಯಾಲಯಗಳ ತೀವ್ರ ನಿಗಾ ಘಟಕ. ಸಿರೆಯ ಪೂರ್ಣಪೋಷಣೆಗೆ ದ್ರಾವಣವನ್ನು ಶುದ್ಧಗಾಳಿಯ ಪೆಟ್ಟಿಗೆಯಲ್ಲಿ ಬೆರಸಬಲ್ಲ ಔಷಧತಜ್ಞರು ಬೇಕು, ಗಂಟೆಗಿಷ್ಟೆಂದು ಹನಿಸುವ ಯಂತ್ರ ಬೇಕು, ಶಿಶುವಿನ ಎರಡು ಹನಿ ರಕ್ತದಲ್ಲಿ ಸಕ್ಕರೆ, ರಂಜಕ, ಯೂರಿಯಗಳನ್ನು ದಿನವೂ ಅಳೆಯುವ ಪ್ರಯೋಗಶಾಲೆ ಬೇಕು, ಹಗಲಿರುಳು ಪಕ್ಕದಲ್ಲಿರುವ ದಾದಿಯರು ಬೇಕು. ವರ್ಷಕ್ಕೆ ಕೆಲವೇ ಇಂಥ ಶಿಶುಗಳನ್ನು ಕಾಣುವ ಆಸ್ಪತ್ರೆಯಲ್ಲಿ ಈ ಕೈಚಳಕ ಬೆಳೆಯಲಾರದು. ಐದು ತಾಲ್ಲೂಕುಗಳಲ್ಲಿ ಐದು ಅರೆಬರೆ ವ್ಯವಸ್ಥೆಗಳಿಗಿಂತ, ಎಲ್ಲ ಶಿಶುಗಳೂ ಬೇಗ ತಲುಪುವ ಒಂದೆರಡು ಪೂರ್ಣ ವ್ಯವಸ್ಥೆಗಳು ಮೇಲು.

ಎರಡನೆಯ ಅಭಿಪ್ರಾಯ ಇನ್ನೂ ಅಪಾಯಕಾರಿ. ಚಿಕ್ಕ ಶಿಶುವಿಗೆ ಉಸಿರಾಟದ ಯಂತ್ರ, ಪ್ರತಿಜೀವಕ, ದಿನಗಟ್ಟಲೆಯ ಹಾಸಿಗೆ ಇವೆಲ್ಲಕ್ಕೂ ವೆಚ್ಚ ಮಾಡಲು ಸಮಾಜ ಒಪ್ಪಿದೆ. ರೋಗಗ್ರಸ್ತ ನವಜಾತ ಶಿಶುವಿಗೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ದೊರೆಯಬೇಕೆಂದು ೨೦೧೧ರಲ್ಲಿಯೇ ರಾಷ್ಟ್ರ ಯೋಜನೆಯೊಂದು ಸಾರಿದೆ. ಇಷ್ಟನ್ನೂ ಮಾಡಿ ಆ ಮಗುವನ್ನು ಒಳಗೊಳಗೇ ಉಪವಾಸವಿಡುವುದು ಯಾವ ಲೆಕ್ಕದ ಮಿತವ್ಯಯ? ಹೊಟ್ಟೆಗಿಲ್ಲದ ದೇಹ ಸೋಂಕಿಗೆ ಬೇಗ ಸೋಲುತ್ತದೆ. ಉಸಿರಾಟದ ಸ್ನಾಯುಗಳು ಸೋಲುತ್ತವೆ. ಅನ್ನವನ್ನು ಚಿಕಿತ್ಸೆಯಿಂದ ಬೇರೆಯೆಂದು ಎಣಿಸಿದ್ದೇ ಈ ತಪ್ಪಿನ ಬುಡ.

ಹಾಗಾದರೆ ನಮ್ಮ ಐದು ತಾಲ್ಲೂಕುಗಳಿಗೆ ಯೋಗ್ಯವಾದ ದಾರಿ ಯಾವುದು? ಅದು ಹೆರಿಗೆಗಿಂತ ಮುಂಚೆಯೇ ಆರಂಭವಾಗಬೇಕು. ಅಕಾಲದ ನೋವು ಕಂಡ ಗರ್ಭಿಣಿಯನ್ನು ಸಾಧ್ಯವಾದಾಗಲೆಲ್ಲ ಮಗು ಒಳಗಿರುವಾಗಲೇ ದೊಡ್ಡ ಆಸ್ಪತ್ರೆಗೆ ಮುಟ್ಟಿಸಬೇಕು. ತಾಯಿಯ ಗರ್ಭಕ್ಕಿಂತ ಒಳ್ಳೆಯ ವಾಹನವಿಲ್ಲ. ೨೪ರಿಂದ ೩೪ ವಾರದೊಳಗಿನ ಇಂಥ ಗರ್ಭಿಣಿಗೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದಿನ ಮೊದಲ ಪ್ರಮಾಣವನ್ನು ಆರೋಗ್ಯ ಸಹಾಯಕಿಯೇ ಕೊಟ್ಟು ಕಳಿಸಬಹುದೆಂದು ೨೦೧೪ರಲ್ಲಿ ಕೇಂದ್ರ ಸರಕಾರ ಮಾರ್ಗಸೂಚಿ ಹೊರಡಿಸಿದೆ. ಅದರಿಂದ ಮಗುವಿನ ಶ್ವಾಸಕೋಶ ಬಲಿಯುತ್ತದೆ.

ಎರಡನೆಯದಾಗಿ, ಶಿಶುವನ್ನು ಎಲ್ಲಿಗೆ ಕಳಿಸಬೇಕೆಂಬುದನ್ನು ರಸ್ತೆಯ ದೂರ ತೀರ್ಮಾನಿಸಬೇಕು, ಜಿಲ್ಲೆಯ ಗಡಿ ತೀರ್ಮಾನಿಸಬಾರದು. ಹರಪನಹಳ್ಳಿ ೧೯೯೭ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ೨೦೧೮ರಲ್ಲಿ ಬಳ್ಳಾರಿಗೆ ಮರಳಿತು, ೨೦೨೧ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕಾಗದದಲ್ಲಿ ಊರು ಮೂರು ಬಾರಿ ಜಿಲ್ಲೆ ಬದಲಿಸಿದರೂ ದಾವಣಗೆರೆಯ ರಸ್ತೆ ಒಂದು ಮೊಳವೂ ಹೆಚ್ಚಲಿಲ್ಲ. ಹರಪನಹಳ್ಳಿಯ ಕೂಸಿಗೆ ಹತ್ತಿರದ ದೊಡ್ಡ ಆಸ್ಪತ್ರೆಗಳಿರುವುದು ದಾವಣಗೆರೆಯಲ್ಲಿ. ಅಲ್ಲಿ ೧೯೬೫ರಿಂದ ವೈದ್ಯಕೀಯ ಮಹಾವಿದ್ಯಾಲಯವಿದೆ. ಕೂಡ್ಲಿಗಿಯವರಿಗೆ ಹೊಸಪೇಟೆ, ಅದನ್ನು ಮೀರಿದರೆ ೧೯೬೧ರ ಬಳ್ಳಾರಿಯ ಮಹಾವಿದ್ಯಾಲಯ. ಹಡಗಲಿಯವರಿಗೆ ತುಂಗಭದ್ರೆಯ ಆಚೆಯ ಗದಗವೂ ಒಂದು ದಾರಿ. ಯಾವ ಊರಿನ ಶಿಶು ಎಲ್ಲಿಗೆ, ಆ ದಿನ ಅಲ್ಲಿ ಹಾಸಿಗೆಯಿದೆಯೆ ಎಂಬುದನ್ನು ಹೊರಡುವ ಮುನ್ನ ದೂರವಾಣಿಯಲ್ಲಿ ಗೊತ್ತುಮಾಡಿಕೊಳ್ಳುವ ಕಟ್ಟುಪಾಡು ಬೇಕು. ಗಡಿಯಾಚೆಯ ಶಿಶುವೆಂದು ಯಾರೂ ಬಾಗಿಲಲ್ಲಿ ನಿಲ್ಲಿಸಬಾರದು.

ಮೂರನೆಯದಾಗಿ, ತಾಲ್ಲೂಕು ಆಸ್ಪತ್ರೆಯ ಕೆಲಸ ಸಣ್ಣದಲ್ಲ. ಕಾವು, ಉಸಿರು, ಗ್ಲೂಕೋಸ್, ಗಿಣ್ಣುಹಾಲಿನ ಮೊದಲ ಹನಿ, ಇವು ಅಲ್ಲಿಯೇ ಆಗಬೇಕು. ಸ್ಥಿತಿ ಒಪ್ಪುವ ಶಿಶುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಳ್ಳುವ ಕ್ರಮ ೧೯೭೮ರಲ್ಲಿ ಕೊಲಂಬಿಯದ ಬೊಗೊಟಾ ನಗರದಲ್ಲಿ ಆರಂಭವಾದದ್ದು. ನಮ್ಮ ನೆರೆಯ ಕೊಪ್ಪಳ ಜಿಲ್ಲೆಯಲ್ಲಿಯೇ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನ ಸಂಸ್ಥೆಯವರು ಕಳೆದ ದಶಕದಲ್ಲಿ ಸರಕಾರದ ಜೊತೆಗೂಡಿ ಈ ಕ್ರಮವನ್ನು ಜಿಲ್ಲೆಯಾದ್ಯಂತ, ಆಸ್ಪತ್ರೆಯಿಂದ ಮನೆಯವರೆಗೆ ಹಬ್ಬಿಸಿ ತೋರಿಸಿದರು. ಹೊಳೆಯ ಆಚೆಗೆ ಆದದ್ದು ಈಚೆಗೆ ಆಗದೆಂದು ಹೇಳಲು ಕಾರಣವಿಲ್ಲ.

ನಾಲ್ಕನೆಯದಾಗಿ, ಶಿಶು ತಲುಪಿದ ದೊಡ್ಡ ಆಸ್ಪತ್ರೆಯಲ್ಲಿ ಅಮೈನೋ ಆಮ್ಲ ಮೊದಲ ದಿನವೇ ಆರಂಭವಾಗಬೇಕು. ಪ್ರತಿ ಶಿಶುವಿಗೂ ಬೇರೆ ಬೇರೆ ಪಾಕ ಬೆರಸುವುದಕ್ಕಿಂತ, ಗುಣಪರೀಕ್ಷೆಯಾದ ಒಂದೆರಡು ಸಿದ್ಧ ಮಿಶ್ರಣಗಳನ್ನು ಇಟ್ಟುಕೊಳ್ಳುವುದು ಸುರಕ್ಷಿತ. ಇದರ ಜೊತೆಗೇ ಹಾಲಿನ ಏರ್ಪಾಡೂ ನಡೆಯಬೇಕು. ಸೇತುವೆ ದಾಟುವುದಕ್ಕೇ ಹೊರತು ವಾಸಕ್ಕಲ್ಲ. ಸ್ವಂತ ತಾಯಿಯ ಹಾಲು ಸಾಲದಿದ್ದಾಗ ಬೇರೆ ತಾಯಂದಿರು ದಾನ ಮಾಡಿದ ಹಾಲನ್ನು ಶುದ್ಧೀಕರಿಸಿ ಕೊಡುವ ಕೇಂದ್ರ ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ ೧೯೮೯ರಲ್ಲಿಯೇ ಆರಂಭವಾಯಿತು; ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ೨೦೨೨ರಲ್ಲಿ ‘ಅಮೃತಧಾರೆ’ ಎಂಬ ಹೆಸರಿನಿಂದ ತೆರೆಯಿತು. ಇಂಥ ಕೇಂದ್ರದ ಹಾಲು ಈ ಸೀಮೆಯ ಶಿಶುಗಳಿಗೂ ಸಿಕ್ಕುವಂತಾದರೆ ಸಿರೆಯ ನಳಿಕೆಯನ್ನು ಎಷ್ಟೋ ದಿನ ಮೊದಲೇ ತೆಗೆಯಬಹುದು.

ಇಷ್ಟಕ್ಕೂ ಮೊದಲು, ಖರ್ಚಿಲ್ಲದ ಒಂದು ಸುಧಾರಣೆಯನ್ನು ನಾವು ಸೂಚಿಸುತ್ತೇವೆ. ಒಂದೂವರೆ ಕಿಲೋಗ್ರಾಮಿಗಿಂತ ಕಡಿಮೆ ತೂಕದ ಪ್ರತಿಯೊಂದು ಶಿಶುವಿನ ಚೀಟಿಯಲ್ಲಿ ಎರಡು ಸಾಲು ಕೂಡಿಸಲಿ: ಹುಟ್ಟಿದ ಎಷ್ಟನೆಯ ಗಂಟೆಗೆ ಮೊದಲ ಹನಿ ಹಾಲು ಸಿಕ್ಕಿತು, ಎಷ್ಟನೆಯ ಗಂಟೆಗೆ ಮೊದಲ ಅಮೈನೋ ಆಮ್ಲ ಸಿಕ್ಕಿತು. ತಿಂಗಳಿಗೊಮ್ಮೆ ಐದು ತಾಲ್ಲೂಕಿನ ವೈದ್ಯರೂ ದೊಡ್ಡ ಆಸ್ಪತ್ರೆಗಳ ವೈದ್ಯರೂ ಈ ಅಂಕೆಗಳನ್ನು ಮುಂದಿಟ್ಟುಕೊಂಡು ಕುಳಿತರೆ ಸಾಕು. ತಡವಾದದ್ದು ಹಳ್ಳಿಯಲ್ಲೋ, ರಸ್ತೆಯಲ್ಲೋ, ಆಸ್ಪತ್ರೆಯ ಉಗ್ರಾಣದಲ್ಲೋ ಎಂಬುದು ತಾನಾಗಿ ಗೊತ್ತಾಗುತ್ತದೆ. ಅಳೆಯದ ತಪ್ಪನ್ನು ತಿದ್ದುವುದು ಕಷ್ಟ.

ಎಳೆಯ ವಯಸ್ಸಿನ ಮದುವೆ, ರಕ್ತಹೀನತೆ, ತುಂಬು ಬಸುರಿನಲ್ಲಿಯೂ ಬಿಡದ ಕೂಲಿ, ಇವು ನಿಲ್ಲದ ಹೊರತು ತಿಂಗಳು ತುಂಬದ ಹೆರಿಗೆಗಳು ಕಡಿಮೆಯಾಗುವುದಿಲ್ಲವೆಂಬುದನ್ನು ನಾವು ಮರೆತಿಲ್ಲ. ಆದರೆ ಅದು ವರ್ಷಗಳ ಕೆಲಸ. ಇಂದು ಹುಟ್ಟಿದ ಕೂಸು ಅಷ್ಟು ಕಾಯಲಾರದು. ಅದರ ಕೈಯಲ್ಲಿರುವುದು ನಾಲ್ಕೈದು ದಿನಗಳ ಬುತ್ತಿ. ನಮ್ಮಲ್ಲಿ ಅನ್ನಪ್ರಾಶನವೆಂಬ ಸಂಸ್ಕಾರ ಆರನೆಯ ತಿಂಗಳಿಗೆ ನಡೆಯುತ್ತದೆ. ಅವಸರದಿಂದ ಬಂದ ಈ ಅತಿಥಿಗೆ ಮಾತ್ರ ಅದನ್ನು ಮೊದಲ ದಿನವೇ ನಡೆಸಬೇಕು. ಅದಕ್ಕೆ ಬೇಕಾದ ಮೂರು ಚಮಚವನ್ನು ಶುದ್ಧವಾಗಿ, ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಹೊಣೆ ನಮ್ಮದು.